ಮಿದುಳಿನ ಕಾಂತಕ್ಷೇತ್ರ: ಅಳೆಯುವುದು ಸಾಧ್ಯ, ಎಟುಕುವುದು ಕಷ್ಟ

ಬೆಂಗಳೂರು: ಮೂರ್ಛೆರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಮಾತ್ರೆಗಳಿಂದ ರೋಗ ಹತೋಟಿಗೆ ಬರುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯೊಂದೇ ಉಳಿದಿರುವ ದಾರಿ. ಆದರೆ ಸೆಳವು ಮಿದುಳಿನ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂಬುದು ಖಚಿತವಾಗದೆ ವೈದ್ಯರು ಆ ಕೆಲಸಕ್ಕೆ ಕೈಹಾಕಲಾರರು. ಎಂಆರ್‌ಐ ಚಿತ್ರದಲ್ಲಿ ದೋಷವೇ ಕಾಣದಿದ್ದಾಗ ನೆರವಿಗೆ ಬರುವ ಪರೀಕ್ಷೆಗಳಲ್ಲಿ ಒಂದು ಮ್ಯಾಗ್ನೆಟೋಎನ್‌ಸೆಫಲೋಗ್ರಫಿ, ಸಂಕ್ಷಿಪ್ತವಾಗಿ ಎಂಇಜಿ. ನಗರದ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಇಷ್ಟು ದೊಡ್ಡ ದೇಶದಲ್ಲಿ ಇಂಥ ಕೇಂದ್ರಗಳು ಬೆರಳೆಣಿಕೆಯಷ್ಟು ಮಾತ್ರ.

ನರಕೋಶಗಳಲ್ಲಿ ವಿದ್ಯುತ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಉಂಟಾಗುತ್ತದೆ. ಇಇಜಿ ದಾಖಲಿಸುವ ವಿದ್ಯುತ್ ಸಂಕೇತಗಳನ್ನು ತಲೆಬುರುಡೆ ಚದುರಿಸಿಬಿಡುತ್ತದೆ. ಕಾಂತಕ್ಷೇತ್ರಕ್ಕೆ ಬುರುಡೆ ಬಹುತೇಕ ಅಡ್ಡಿಯೇ ಅಲ್ಲ. ಆದ್ದರಿಂದ ಮೂಲವನ್ನು ಹೆಚ್ಚು ನಿಖರವಾಗಿ ಗುರುತಿಸಬಹುದು. ಮಿದುಳಿನ ಆಳದ ಭಾಗಗಳ ವಿಷಯದಲ್ಲಿ ಮಾತ್ರ ಈ ಅನುಕೂಲ ಕುಗ್ಗುತ್ತದೆ. ತೊಡಕೆಂದರೆ, ಈ ಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತು ಕೋಟಿ ಪಟ್ಟಿಗೂ ಹೆಚ್ಚು ಕ್ಷೀಣ. ಕಟ್ಟಡದ ಲಿಫ್ಟ್ ಮೇಲೇರಿದರೂ ಅಳತೆ ಕೆಡಬಹುದು. ಅದಕ್ಕೆಂದೇ ವಿಶೇಷ ಲೋಹದ ಪದರಗಳಿಂದ ಕಟ್ಟಿದ ಕೋಣೆ ಬೇಕು.

ಅಮೆರಿಕದ ಭೌತವಿಜ್ಞಾನಿ ಡೇವಿಡ್ ಕೋಹೆನ್ 1968ರಲ್ಲಿ ತಂತಿ ಸುರುಳಿಯ ನೆರವಿನಿಂದ ಇದನ್ನು ಮೊದಲು ಅಳೆದರು. 1972ರಲ್ಲಿ ಅವರೇ ಸ್ಕ್ವಿಡ್ ಎಂಬ ಅತಿವಾಹಕ ಸಂವೇದಕ ಬಳಸಿ ಸ್ಪಷ್ಟ ದಾಖಲೆ ಪಡೆದರು. ಇಂದಿಗೂ ಹೆಚ್ಚಿನ ಯಂತ್ರಗಳ ಜೀವಾಳ ಅದೇ. ಅದನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ದ್ರವ ಹೀಲಿಯಂನಲ್ಲಿ ಮುಳುಗಿಸಿಡಬೇಕು. ಆ ಹೀಲಿಯಂ ನಮಗೆ ಬರುವುದು ಹೊರದೇಶಗಳಿಂದ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ ಸ್ವದೇಶಿ ಎಂಇಜಿ ರೂಪಿಸಿದ್ದು ಸಣ್ಣ ಸಾಧನೆಯೇನಲ್ಲ. ಆದರೆ ಯಂತ್ರ ಎಲ್ಲೇ ತಯಾರಾಗಲಿ, ಹೀಲಿಯಂ ಖರ್ಚು ತಪ್ಪುವುದಿಲ್ಲ.

ಬ್ರಿಟನ್‌ನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಹಾಗೂ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2018ರಲ್ಲಿ ಬೇರೆಯೇ ಹಾದಿ ತೋರಿದರು. ರುಬಿಡಿಯಂ ಆವಿಯ ಮೂಲಕ ಲೇಸರ್ ಕಿರಣ ಹಾಯಿಸಿ ಕಾಂತಕ್ಷೇತ್ರ ಅಳೆಯುವ ಪುಟ್ಟ ಸಂವೇದಕಗಳನ್ನು ಅವರು ಶಿರಸ್ತ್ರಾಣದಲ್ಲಿ ಅಳವಡಿಸಿದರು. ಇದಕ್ಕೆ ಹೀಲಿಯಂ ಬೇಡ. ತಲೆ ಅಲುಗಾಡಿದರೂ ದಾಖಲಾತಿ ನಡೆಯುತ್ತದೆ. ವಯಸ್ಕರ ತಲೆಗೆ ಹೊಂದುವ ಹಳೆಯ ಯಂತ್ರದೊಳಗೆ ಪುಟ್ಟ ಮಗುವನ್ನು ಅಲುಗಾಡದಂತೆ ಕೂರಿಸುವ ಪಾಡು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಆದರೆ ಲೋಹದ ಕೋಣೆಯ ಅಗತ್ಯ ಇದಕ್ಕೂ ತಪ್ಪಿಲ್ಲ. ದಾಖಲೆಯನ್ನು ಓದಿ ಅರ್ಥೈಸಬಲ್ಲ ತಜ್ಞರೂ ಬೇಕು. ಹೊಸ ಸಂವೇದಕ ಅಗ್ಗವಾಗುವವರೆಗೆ ಕಾಯುವ ಬದಲು, ಈಗಿರುವ ಕೇಂದ್ರಗಳಲ್ಲಿ ಅಂಥ ತಜ್ಞರನ್ನು ತಯಾರು ಮಾಡುವ ಕೆಲಸವನ್ನಾದರೂ ಸರ್ಕಾರ ಇಂದೇ ಆರಂಭಿಸಬಹುದು.