ಸೂರಿನ ನೀರಿಗೆ ಒಳಚರಂಡಿಯೇಕೆ?

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಪೇಟೆಗಳ ತಗ್ಗುಕೇರಿಗಳಲ್ಲಿ ಬಚ್ಚಲ ಜಾಲರಿಯಿಂದ ಊರ ಹೊಲಸು ಮೇಲೇಳತೊಡಗುತ್ತದೆ. ಇದಕ್ಕೆ ಪ್ರತಿವರ್ಷ ದೊರೆಯುವ ಉತ್ತರ ಒಂದೇ: ಕೊಳವೆ ಸಣ್ಣದು, ದೊಡ್ಡದು ಹಾಕಿಸಬೇಕು. ಹೊಸ ಅಂದಾಜುಪಟ್ಟಿ, ಹೊಸ ಟೆಂಡರು, ಮತ್ತೆ ಅಗೆದ ರಸ್ತೆ. ಈ ಉತ್ತರವನ್ನು ಒಪ್ಪಿಕೊಂಡಷ್ಟು ಕಾಲವೂ ತಗ್ಗುಕೇರಿ ಮುಳುಗುತ್ತಲೇ ಇರುತ್ತದೆ.

ಲೆಕ್ಕವನ್ನು ನೋಡೋಣ. ಒಳಚರಂಡಿಯುಳ್ಳ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಯೋಜನೆ ರೂಪಿಸುವವರ ಮಾನದಂಡ. ಅದರಲ್ಲಿ ಶೇ. 80ರಷ್ಟು ಕೊಳವೆಗೆ ಬರುತ್ತದೆಂದು ಹಿಡಿದರೆ ಐವರ ಸಂಸಾರದ ಕೊಳಚೆ ದಿನಕ್ಕೆ 540 ಲೀಟರ್. ಅದೇ ಮನೆಯ 100 ಚದರ ಮೀಟರ್ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ 5,000 ಲೀಟರ್ ನೀರು ಇಳಿಯುತ್ತದೆ. ಒಂಬತ್ತು ದಿನಗಳ ಕೊಳಚೆಗೂ ಮಿಕ್ಕಿದ ನೀರು, ಒಂದೇ ಗಂಟೆಯಲ್ಲಿ! ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯನ್ನು ಒಡಲಲ್ಲಿಟ್ಟುಕೊಂಡ ಸೀಮೆಯಲ್ಲಿ ಈ ನೀರನ್ನು ನುಂಗುವಷ್ಟು ದೊಡ್ಡ ಕೊಳವೆಯನ್ನು ಯಾವ ಪುರಸಭೆ ಹೂಳಬಲ್ಲದು?

ಮೇಲುಕೇರಿಯ ತಾರಸಿ ನೀರನ್ನು ಶೌಚದ ಛೇಂಬರಿಗೆ ಜೋಡಿಸಿದವನಿಗೆ ತೊಂದರೆಯಿಲ್ಲ. ಅವನ ಅಂಗಳ ಒಣಗಿರುತ್ತದೆ. ಆದರೆ ತುಂಬಿದ ಕೊಳವೆಯ ನೀರು ಮಟ್ಟ ಹುಡುಕುತ್ತದೆ. ಹತ್ತಿರದ ಮ್ಯಾನ್‌ಹೋಲಿನ ಮುಚ್ಚಳಕ್ಕಿಂತ ತಗ್ಗಿನಲ್ಲಿರುವ ಬಚ್ಚಲೇ ಅದಕ್ಕೆ ಮೊದಲ ಬಾಗಿಲು. ಆ ಬಚ್ಚಲಿರುವುದು ಹಳ್ಳದ ಬದಿಯ ಸಣ್ಣ ಮನೆಯಲ್ಲಿ. ಕೊನೆಗೆ ಕಟ್ಟಿಕೊಂಡ ಕೊಳವೆಗೆ ಇಳಿಯುವವನೂ ಬಹುಪಾಲು ಅಂಥದೇ ಕೇರಿಯವನು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಆ ಸಾವುಗಳು ನಿಂತಿರಲಿಲ್ಲ.

ಅಡಿಕೆ ತೋಟ ಮಾಡುವವರಿಗೆ ಇದನ್ನು ವಿವರಿಸಬೇಕಾದುದೇ ವಿಚಿತ್ರ. ಗುಡ್ಡದ ನೀರು ತೋಟಕ್ಕೆ ನುಗ್ಗದಂತೆ ಮೇಲ್ಗಡೆ ಕಾಲುವೆ ತೋಡಿ ಬೇರೆ ದಾರಿಗೆ ತಿರುಗಿಸುತ್ತೇವೆ. ತೋಟದೊಳಗಿನ ನೀರಿಗಷ್ಟೇ ಬಸಿಗಾಲುವೆ. ಎರಡನ್ನೂ ಕೂಡಿಸಿದರೆ ಬೇರು ಕೊಳೆಯುತ್ತದೆಂದು ಬಲ್ಲ ಅದೇ ರೈತ ಪೇಟೆಯಲ್ಲಿ ಮನೆ ಕಟ್ಟಿಸುವಾಗ ಗುತ್ತಿಗೆದಾರನ ಮಾತಿಗೆ ತಲೆಯಾಡಿಸುತ್ತಾನೆ. ಹಿಂದೆ ಸೂರಿನ ನೀರು ಅಂಗಳ ದಾಟಿ ಹಳ್ಳ ಸೇರುತ್ತಿತ್ತು, ಬಚ್ಚಲ ನೀರು ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತಿತ್ತು. (ಒಳಚರಂಡಿಯೇ ಇಲ್ಲದ ಊರುಗಳಲ್ಲಿ ಸೂರಿನ ನೀರನ್ನು ಶೌಚಗುಂಡಿಗೆ ಬಿಡುವವರಿದ್ದಾರೆ; ಅವರ ನೆರೆಮನೆಯ ಬಾವಿಯ ಗತಿಯನ್ನು ಬೇರೆಯಾಗಿಯೇ ಬರೆಯಬೇಕು.)

ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಛೇಂಬರಿನಲ್ಲಿ ಕೂರಿಸಿಕೊಳ್ಳಿ ಎಂಬ ಸಲಹೆಯಿದೆ. ತಗ್ಗಿನ ಮನೆಗಳಿಗೆ ಅದು ಬೇಕು, ಆದರೆ ಅದರ ಮಿತಿಯನ್ನು ಮಾರುವವರು ಹೇಳುವುದಿಲ್ಲ. ಕವಾಟ ಮುಚ್ಚಿರುವಷ್ಟು ಹೊತ್ತು ನಿಮ್ಮ ಮನೆಯ ನೀರೂ ಹೊರಹೋಗದು. ತಾರಸಿಯ ಕೊಳವೆ ಅದರ ಒಳಬದಿಗೆ ಸೇರಿದ್ದರೆ ಮನೆ ತನ್ನ ಮಳೆಯಲ್ಲೇ ಮುಳುಗುತ್ತದೆ. ಒಂದು ಚಿಂದಿ ಸಿಕ್ಕಿಕೊಂಡರೂ ಕವಾಟ ಮುಚ್ಚುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುನ್ನ ತೆರೆದು ತೊಳೆಯಲೇಬೇಕು. ಇನ್ನು ರಸ್ತೆಯಲ್ಲಿ ನಿಂತ ನೀರು ಇಳಿಯಲೆಂದು ಮ್ಯಾನ್‌ಹೋಲಿನ ಮುಚ್ಚಳ ಎತ್ತುವ ಪರೋಪಕಾರಿಗಳು ಕೆಳಗಿನ ಕೇರಿಯನ್ನು ಒಮ್ಮೆ ನೋಡಿ ಬರಲಿ.

ನಮ್ಮ ಬೇಡಿಕೆ ಅಗ್ಗದ್ದು. ಮೇ ತಿಂಗಳೊಳಗೆ ಪ್ರತಿ ಪಟ್ಟಣದಲ್ಲೂ ಒಳಚರಂಡಿ ಕೊಳವೆಗೆ ಯಂತ್ರದಿಂದ ಹೊಗೆ ಊದಿಸಿ ಪರೀಕ್ಷೆ ನಡೆಸಬೇಕು. ಯಾವ ತಾರಸಿಯ ಮಳೆಕೊಳವೆಯಲ್ಲಿ ಆ ಹೊಗೆ ಕಾಣಿಸುತ್ತದೋ ಆ ಮನೆಗೆ ನೋಟಿಸು ಹೋಗಲಿ, ಅದು ಪುರಸಭೆಯ ಸದಸ್ಯರ ಮನೆಯಾದರೂ ಸರಿಯೇ.