ಗುಂಡಿ ಬತ್ತಿದರೇನೇ ಬದುಕುವ ಮೀನು

ಹೊಂಡ ಅಂದಮೇಲೆ ವರ್ಷಪೂರ್ತಿ ನೀರಿರಬೇಕು ಅಂತ ನಾವೆಲ್ಲ ನಂಬಿದ್ದೀವಿ. ಬೇಸಿಗೆಗೆ ಬತ್ತುವ ಗುಂಡಿ ಕಂಡರೆ ‘ಹೂಳು ತೆಗೆಸಿ, ಆಳ ಮಾಡಿಸಿ’ ಅನ್ನೋ ಮಾತು ತಾನಾಗಿ ಬಂದುಬಿಡುತ್ತೆ. ನಾನೂ ಹಾಗೆ ಹೇಳ್ತಿದ್ದವನೇ. ಆಫ್ರಿಕಾದ ಒಂದು ಪುಟ್ಟ ಮೀನಿನ ಬಗ್ಗೆ ಓದಿದ ಮೇಲೆ ಸ್ವಲ್ಪ ಯೋಚಿಸಿ ಹೇಳ್ತೀನಿ.

ಅದರ ಹೆಸರು ಟರ್ಕ್ವಾಯ್ಸ್ ಕಿಲ್ಲಿಫಿಶ್. ದಕ್ಷಿಣ ಮೊಜಾಂಬಿಕ್ ಮತ್ತು ಪಕ್ಕದ ಜಿಂಬಾಬ್ವೆಯಲ್ಲಿ ಮಳೆಗೆ ತುಂಬುವ ಗುಂಡಿಗಳೇ ಇದರ ಊರು. ಮೊದಲು ಸಿಕ್ಕಿದ್ದು ಜಿಂಬಾಬ್ವೆಯ ಗೊನಾರೆಜೌ ಕಾಡಿನಲ್ಲಿ. 1971ರಲ್ಲಿ ನೊಥೊಬ್ರಾಂಕಿಯಸ್ ಫರ್ಜೆರಿ ಅಂತ ಹೆಸರಿಟ್ಟರು. ಉದ್ದ ಹೆಚ್ಚೆಂದರೆ ಬೆರಳಿನಷ್ಟು. ಗಂಡು ನೀಲಿ-ಹಸಿರು ಮೈಯ ಸೊಗಸುಗಾರ, ಹೆಣ್ಣು ಸಪ್ಪೆ ಬಣ್ಣದ್ದು.

ಮಳೆ ಬಿದ್ದು ಗುಂಡಿ ತುಂಬಿದರೆ ಮರಿ ಹೊರಬರುತ್ತೆ, ಎರಡೇ ವಾರದಲ್ಲಿ ಮೊಟ್ಟೆ ಇಡುವಷ್ಟು ಬೆಳೆಯುತ್ತೆ. ಅಷ್ಟರಲ್ಲಿ ನಾವು ಬಿತ್ತಿದ ಕೊತ್ತಂಬರಿ ಈಗಷ್ಟೇ ತಲೆ ಎತ್ತಿರುತ್ತೆ! ಆಮೇಲೆ ದಿನಾ ಕೆಸರಿನಲ್ಲಿ ಮೊಟ್ಟೆ ಇಡೋದೇ ಕೆಲಸ. ಕೆಲವು ವಾರವೋ ತಿಂಗಳೋ ಕಳೆದು ನೀರು ಬತ್ತಿದಾಗ ಬೆಳೆದ ಮೀನು ಒಂದೂ ಉಳಿಯಲ್ಲ. ಮೊಟ್ಟೆ ಮಾತ್ರ ಬೆಳವಣಿಗೆ ನಿಲ್ಲಿಸಿ ಒಣಮಣ್ಣಲ್ಲಿ ಮಲಗಿರುತ್ತೆ. ಎಲ್ಲವೂ ಒಟ್ಟಿಗೆ ಏಳೋದಿಲ್ಲ; ಕೆಲವು ಮೊದಲ ಮಳೆಗೆ, ಕೆಲವು ಇನ್ನೂ ತಡವಾಗಿ. ಹಾಗಾಗಿ ಮೊದಲ ಮಳೆ ಕೈಕೊಟ್ಟರೂ ಸಂತಾನ ಪೂರ್ತಿ ಹಾಳಾಗಲ್ಲ.

ಮಣ್ಣೂ ಎಂಥದ್ದೋ ಆದರೆ ನಡೆಯಲ್ಲ. ನಮ್ಮ ಎರೆ ಹೊಲದ ಹಾಗೆ ನೀರು ಹಿಡಿಯುವ, ಒಣಗಿದರೆ ಬಿರುಕು ಬಿಡುವ ಜಿಗುಟು ಮಣ್ಣು ಬೇಕು.

ಈಗ ಆ ಗುಂಡಿಯನ್ನೇ ಆಳ ಮಾಡಿದರೆ? ದನಕ್ಕೆ ನೀರಾಯ್ತು, ಸರಿ. ಆದರೆ ವರ್ಷಪೂರ್ತಿ ನೀರು ನಿಂತ ಕಡೆ ಬೇಟೆಯಾಡುವ ದೊಡ್ಡ ಮೀನುಗಳು ಸೇರಿಕೊಂಡು ಇದನ್ನು ನುಂಗಿಹಾಕುತ್ತವೆ. ಬೇಸಿಗೆಗೆ ಗುಂಡಿ ಒಣಗೋದೇ ಇದಕ್ಕಿದ್ದ ಕಾವಲು. ಗುಂಡಿ ಸಮ ಮಾಡಿ ಭತ್ತ ಹಾಕಿದರೂ ಇದರ ಕಥೆ ಮುಗೀತು.

ಅಲ್ಲಿಯ ದನಗಾಹಿಗೆ ‘ಅಗೆಯಬೇಡ’ ಅನ್ನೋಕೆ ನನಗೆ ಬಾಯಿ ಬರಲ್ಲ. ಬಾಯಾರಿದ ದನ ಕೊಟ್ಟಿಗೆಯಲ್ಲಿ ಕೂಗೋದು ನಮಗೂ ಗೊತ್ತು. ಆದರೂ ನನ್ನ ಅಭಿಪ್ರಾಯ ಇದು: ದನದ ಹೊಂಡ ಬೇರೆ ಜಾಗದಲ್ಲಿ ಆಗಲಿ, ಕೆಲವು ಗುಂಡಿಯನ್ನಾದರೂ ಬತ್ತೋಕೆ ಬಿಡಲಿ. ಆ ಗುಂಡಿಯ ಮುಂದಿನ ಪೀಳಿಗೆ ಪೂರ್ತಿ ಅದೇ ಮಣ್ಣಲ್ಲಿ ಮಲಗಿದೆ. ಬೇಸಿಗೆಯಲ್ಲಿ ಹೂಳು ಅಂತ ಕೆತ್ತಿ ಟ್ರ್ಯಾಕ್ಟರ್‌ಗೆ ತುಂಬಿದರೆ ಮೊಟ್ಟೆಯೂ ಅದರ ಜೊತೆಗೇ ಹೋಗುತ್ತೆ, ಮೇಲಿಂದ ನೋಡಿದವರಿಗೆ ಬರೀ ಮಣ್ಣು.