ಹೋಗುವ ದಾರಿಗಿಂತ ಮೊದಲು ಮರಳುವ ದಾರಿ ನೋಡೋಣ



ನೀಟ್ ಫಲಿತಾಂಶ ಬಂದ ವಾರ ನಮ್ಮ ಅರಕೇರಾದ ಮನೆಗಳಿಗೆ ಎರಡು ಬಗೆಯ ಫೋನ್ ಬರುತ್ತವೆ. ಒಂದು ನೆಂಟರದು: "ಎಷ್ಟು ಬಂತು?" ಇನ್ನೊಂದು ಗುರುತಿಲ್ಲದ ನಂಬರಿನದು: "ನಿಮ್ಮ ಮಕ್ಕಳನ್ನು ವಿದೇಶದಲ್ಲಿ ಎಂಬಿಬಿಎಸ್ ಓದಿಸುತ್ತೀರಾ?" ಕಳೆದ ವರ್ಷ ನಮ್ಮ ಆಪಾಳ ಫಲಿತಾಂಶ ಬಂದ ಮೂರನೇ ದಿನ ಆ ಎರಡನೇ ಫೋನ್ ಮಾಡಿದವರು ನೇರವಾಗಿ ಮನೆಗೇ ಬಂದರು.

ಆಪಾ ನೀಟ್‌ನಲ್ಲಿ ಕ್ವಾಲಿಫೈ ಆಗಿದ್ದಳು. ಆದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಇರಲಿಲ್ಲ. ಖಾಸಗಿ ಕಾಲೇಜಿನ ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಅಬ್ಬಾಗೆ ಒಂದು ಗ್ಯಾರೇಜ್ ಇದೆ, ಕಾಲುವೆ ಕೆಳಗೆ ಮೂರು ಎಕರೆ ಹೊಲ ಇದೆ. ಬಂದವರು ಚಹಾ ಕುಡಿಯುತ್ತಾ ಹೇಳಿದರು: "ಸಾಹೇಬ್ರ, ಏನೂ ಚಿಂತಿ ಮಾಡಬ್ಯಾಡ್ರಿ. ಪ್ಯಾಕೇಜ್ ಅದ. ಆರು ವರ್ಷ ಕಳದ್ರ ನಿಮ್ಮ ಮಗಳು ಡಾಕ್ಟರ್." ಅವರು ಹೋದ ಮೇಲೆ ಅಬ್ಬಾ ಹೊಲದ ಪಹಣಿ ತೆಗೆದು ನೋಡುತ್ತಾ ಕುಳಿತರು. ಅದನ್ನು ನಾನು ಮರೆತಿಲ್ಲ. ಮುಂದಿನ ಮೇ ತಿಂಗಳಲ್ಲಿ ನೀಟ್ ಬರೆಯುವ ಸರದಿ ನನ್ನದು. ಅದಕ್ಕೇ ಈ ಲೇಖನ.

ವಿದೇಶಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಬಡವರ ಮಕ್ಕಳಿಗೆ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ಹೇಳಬೇಕಾಗಿಲ್ಲ. ದೇಶದಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆಯುತ್ತಾರೆ. ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಮೇಲೆ ಸ್ವಲ್ಪ ಮಾತ್ರ. ಸೀಟು ಸಿಗದವರೆಲ್ಲ ದಡ್ಡರಲ್ಲ. ನಾನು ಹೇಳುವುದು ಇಷ್ಟೇ: ಹೋಗುವ ದಾರಿಯನ್ನು ಏಜೆಂಟರು ತೋರಿಸುತ್ತಾರೆ, ಮರಳಿ ಬಂದು ಇಲ್ಲಿ ಡಾಕ್ಟರ್ ಆಗುವ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು. ಅದನ್ನು ಹೊಲ ಮಾರುವ ಮೊದಲೇ ಹುಡುಕಬೇಕು.

ಹೊರದೇಶಕ್ಕೆ ಹೋಗಿ ವೈದ್ಯಕೀಯ ಓದುವವರು ನಾವು ಮಾತ್ರ ಅಲ್ಲ. ಅಮೆರಿಕದ ವಿದ್ಯಾರ್ಥಿಗಳೂ ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ. ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಅವರಿಗಾಗಿ ನಾಲ್ಕು ವರ್ಷದ ಒಂದು ಕೋರ್ಸ್ ನಡೆಸಿದೆ. ಮೊದಲ ಎರಡು ವರ್ಷ ಆಸ್ಟ್ರೇಲಿಯಾದಲ್ಲಿ ಪಾಠ. ಕೊನೆಯ ಎರಡು ವರ್ಷ ಅಮೆರಿಕದಲ್ಲೇ, ನ್ಯೂ ಆರ್ಲಿಯನ್ಸ್ ಕಡೆಯ ಆಕ್ಸ್‌ನರ್ ಆಸ್ಪತ್ರೆಗಳಲ್ಲಿ ರೋಗಿಗಳ ನಡುವೆ ಕಲಿಕೆ. ಎಲ್ಲಿ ಕೆಲಸ ಮಾಡಬೇಕೋ ಅಲ್ಲಿನ ಆಸ್ಪತ್ರೆಯಲ್ಲೇ ಅರ್ಧ ಓದು. ಅಂದರೆ ಮರಳುವ ದಾರಿಯನ್ನು ಕೋರ್ಸಿನೊಳಗೇ ಇಟ್ಟಿದ್ದಾರೆ. ಕೆನಡಾದಿಂದಲೂ ಅನೇಕರು ಆಸ್ಟ್ರೇಲಿಯಾಕ್ಕೆ ಓದಲು ಹೋಗುತ್ತಾರೆ. ಆದರೆ ತಮ್ಮ ದೇಶಕ್ಕೆ ಮರಳಿದಾಗ ಅವರೂ ‘ವಿದೇಶದಲ್ಲಿ ಓದಿದವರು’ ಎಂಬ ಬೇರೆ ಸಾಲಿನಲ್ಲಿ ನಿಂತು ತರಬೇತಿ ಸೀಟಿಗೆ ಪೈಪೋಟಿ ಮಾಡಬೇಕಾಗುತ್ತದೆ. ಶ್ರೀಮಂತ ದೇಶದವರಿಗೇ ಹೀಗಿದ್ದರೆ, ನಾವು ಇನ್ನೂ ಎಚ್ಚರ ಇರಬೇಕಲ್ಲವೇ?

ನಮ್ಮ ದೇಶದ ನಿಯಮ ಏನು? ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2021ರ ನವೆಂಬರ್‌ನಲ್ಲಿ ವಿದೇಶದಲ್ಲಿ ಓದುವವರಿಗಾಗಿ ನಿಯಮ ತಂದಿತು. ಅದರ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು. ಪಾಠ ಇಂಗ್ಲಿಷ್ ಮಾಧ್ಯಮದಲ್ಲಿ ಇರಬೇಕು. ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಆ ದೇಶದಲ್ಲಿ ವೈದ್ಯರಾಗಿ ನೋಂದಣಿ ಆಗುವ ಅರ್ಹತೆ ಸಿಗಬೇಕು. ಭಾರತಕ್ಕೆ ಬಂದ ಮೇಲೆ ಮತ್ತೆ 12 ತಿಂಗಳು ಇಂಟರ್ನ್‌ಶಿಪ್. ಎಲ್ಲವೂ ಸೇರಿದ ದಿನದಿಂದ 10 ವರ್ಷದೊಳಗೆ ಮುಗಿಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪದವಿ ಇಲ್ಲಿ ನಡೆಯುವುದಿಲ್ಲ.

ಇದರ ಜೊತೆಗೆ ಎಫ್‌ಎಂಜಿಇ ಎಂಬ ಪರೀಕ್ಷೆ ಇದೆ. 300 ಪ್ರಶ್ನೆ, ಪಾಸಾಗಲು 150 ಅಂಕ ಬೇಕು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಅರ್ಧ ಅಂಕ ಅಷ್ಟೇ ಅಲ್ಲವೇ ಎಂದು ನನಗೂ ಅನಿಸಿತ್ತು. ಆದರೆ 2022ರ ಜೂನ್‌ ಪರೀಕ್ಷೆಯಲ್ಲಿ ನೂರರಲ್ಲಿ 11 ಮಂದಿಯೂ ಪಾಸಾಗಲಿಲ್ಲ. ಫಲಿತಾಂಶ ಚೆನ್ನಾಗಿ ಬಂತು ಎಂದು ಹೇಳಲಾದ 2024ರ ಡಿಸೆಂಬರ್ ಸರದಿಯಲ್ಲೂ ಪಾಸಾದವರು ನೂರಕ್ಕೆ 29ರಷ್ಟು ಮಾತ್ರ. ಪ್ಯಾಕೇಜಿನ ಬಣ್ಣದ ಕಾಗದದಲ್ಲಿ ಹಾಸ್ಟೆಲ್, ಭಾರತೀಯ ಊಟ, ವಿಮಾನದ ಟಿಕೆಟ್ ಎಲ್ಲವೂ ಇತ್ತು. ಈ ಪರೀಕ್ಷೆಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ನಮ್ಮ ಖಾಲಾಳ ಮಗ ಅಂಥದ್ದೇ ಒಂದು ಪ್ಯಾಕೇಜಿನಲ್ಲಿ ಹೋಗಿ ಓದಿ ಬಂದಿದ್ದಾನೆ. ಪದವಿ ಇದೆ, ಮದುವೆಗಳಲ್ಲಿ ಎಲ್ಲರೂ ಅವನನ್ನು ಡಾಕ್ಟರ್ ಸಾಬ್ ಎನ್ನುತ್ತಾರೆ. ಆದರೆ ಎಫ್‌ಎಂಜಿಇ ಇನ್ನೂ ಪಾಸಾಗಿಲ್ಲ. ರೋಗಿಯನ್ನು ಮುಟ್ಟುವಂತಿಲ್ಲ. ಕಳೆದ ಚಳಿಗಾಲದಲ್ಲಿ ದಾದಿಗೆ ರಾತ್ರಿ ಎದೆನೋವು ಬಂದಾಗ ಅವನೂ ನಮ್ಮೊಡನೆ ಗಾಡಿಯಲ್ಲಿ ರಾಯಚೂರಿನವರೆಗೆ ಬಂದ. ದಾರಿಯುದ್ದಕ್ಕೂ ದಾದಿಯ ನಾಡಿ ಹಿಡಿದು ಕುಳಿತಿದ್ದ. ಆಸ್ಪತ್ರೆಯಲ್ಲಿ ನರ್ಸ್ "ನೀವು ಡಾಕ್ಟರಾ?" ಎಂದು ಕೇಳಿದರು. ಅವನು "ಇಲ್ಲ, ಮೊಮ್ಮಗ" ಎಂದ. ಆರು ವರ್ಷ ಪರದೇಶದಲ್ಲಿ ಇದ್ದು ಓದಿದವನು ಹಾಗೆ ಹೇಳಬೇಕಾಯಿತು. ಅವನು ಸೋಮಾರಿಯಲ್ಲ. ಅಲ್ಲಿನ ರೋಗಿಗಳ ಭಾಷೆ ಬಾರದೆ ವಾರ್ಡಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದೆವು ಎಂದು ಅವನೇ ಹೇಳಿದ್ದಾನೆ. ಕೈಯಿಂದ ಕಲಿಯಬೇಕಾದ್ದನ್ನು ಕಣ್ಣಿನಿಂದ ನೋಡಿ ಬಂದಿದ್ದಾನೆ.

ಇನ್ನೊಬ್ಬರ ಹೆಸರನ್ನು ಈ ಮಾತಿನಲ್ಲಿ ನಾವು ಮರೆಯಬಾರದು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್. ಪಿಯುಸಿಯಲ್ಲಿ ನೂರಕ್ಕೆ 97 ಅಂಕ ಬಂದಿದ್ದರೂ ರಾಜ್ಯದಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ ಎಂದು ಅವರ ತಂದೆ ಹೇಳಿದ್ದರು. ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷ ಓದುತ್ತಿದ್ದ ಅವರು 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಬಂದಿದ್ದಾಗ ದಾಳಿಯಲ್ಲಿ ತೀರಿಕೊಂಡರು. ಮಗ ಓದಲಾಗದೆ ಉಳಿದದ್ದನ್ನು ಬೇರೆ ಮಕ್ಕಳಾದರೂ ಕಲಿಯಲಿ ಎಂದು ಮನೆಯವರು ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಯುದ್ಧವನ್ನು ಯಾರೂ ಮೊದಲೇ ತಿಳಿಯಲಾರರು. ಆದರೆ ಬದುಕಿ ಬಂದ ಸಾವಿರಾರು ವಿದ್ಯಾರ್ಥಿಗಳು ಓದು ಮುಗಿಸಲು ಕೋರ್ಟಿನವರೆಗೆ ಅಲೆದದ್ದನ್ನು ನಾವು ತಿಳಿದಿರಬೇಕು.

ಈಗ ನಮ್ಮ ಮನೆಗೆ ಬರುತ್ತೇನೆ. ಆ ಏಜೆಂಟ್ ಎರಡನೇ ಸಲ ಬಂದಾಗ ಆಪಾ ಮತ್ತು ನಾನು ಒಂದು ನೋಟ್‌ಬುಕ್ಕಿನಲ್ಲಿ ಐದು ಪ್ರಶ್ನೆ ಬರೆದಿಟ್ಟುಕೊಂಡಿದ್ದೆವು. ವೈದ್ಯ ಪದವಿಯ ಓದು ಮಾತ್ರ ಎಷ್ಟು ತಿಂಗಳು? ಇಂಟರ್ನ್‌ಶಿಪ್ ಅದೇ ಕಾಲೇಜಿನ ಆಸ್ಪತ್ರೆಯಲ್ಲೇ ಸಿಗುತ್ತದೆಯೇ? ಆ ದೇಶ ನಮ್ಮಂಥ ಪರದೇಶದವರಿಗೆ ವೈದ್ಯ ಪರವಾನಗಿ ಕೊಡುತ್ತದೆಯೇ? ರೋಗಿಗಳ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ? ಆ ಕಾಲೇಜಿನಿಂದ ಬಂದವರಲ್ಲಿ ಎಷ್ಟು ಮಂದಿ ಎಫ್‌ಎಂಜಿಇ ಪಾಸಾಗಿದ್ದಾರೆ? ಅವರು "ಎಲ್ಲಾ ಎನ್‌ಎಂಸಿ ಅಪ್ರೂವ್ಡ್ ಅದ ತಂಗಿ" ಎಂದರು. ಒಪ್ಪಿಗೆ ಪಡೆದ ವಿದೇಶಿ ಕಾಲೇಜುಗಳ ಪಟ್ಟಿಯನ್ನು ಎನ್‌ಎಂಸಿ ಕೊಡುವುದೇ ಇಲ್ಲ. ಅದನ್ನು ಆಪಾ ಹೇಳಿದಾಗ ಅವರು ಅಬ್ಬಾನ ಕಡೆ ತಿರುಗಿ, "ಹುಡುಗ್ಯಾರು ಭಾಳ ಓದ್ಯಾರ ಬಿಡ್ರಿ" ಎಂದು ನಕ್ಕರು. ಅಬ್ಬಾ ನಗಲಿಲ್ಲ. ಪಹಣಿ ಮತ್ತೆ ಪೆಟ್ಟಿಗೆಗೆ ಹೋಯಿತು.

ಆಪಾ ಈಗ ರಿಪೀಟ್ ಮಾಡುತ್ತಿದ್ದಾಳೆ. ಸೀಟು ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ನಮಗೆ ಮೊದಲು ಗೊತ್ತಿರದ ಒಂದು ಸಂಗತಿ ಈಗ ಗೊತ್ತಾಗಿದೆ. ಸಂವಿಧಾನದ 371(ಜೆ) ವಿಧಿಯಿಂದಾಗಿ 2013ರಿಂದ ನಮ್ಮ ಭಾಗದವರಿಗೆ ರಾಯಚೂರಿನ ರಿಮ್ಸ್‌ನಂಥ ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಭಾಗದಲ್ಲಿ ನೂರಕ್ಕೆ 8 ಮೀಸಲಾತಿ ಇದೆ. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಆಪಾ ಅದನ್ನು ಸಮಯಕ್ಕೆ ಮಾಡಿಸಿರಲಿಲ್ಲ. ಯಾರೂ ಹೇಳಿರಲಿಲ್ಲ. ನನ್ನದು ಈಗಾಗಲೇ ಮಾಡಿಸಿಟ್ಟಿದ್ದೇನೆ. ನೀವೂ ಮಾಡಿಸಿಕೊಳ್ಳಿ. ಯುನಾನಿ, ಆಯುರ್ವೇದ, ನರ್ಸಿಂಗ್, ಫಿಸಿಯೋಥೆರಪಿ ಕೂಡ ಆಸ್ಪತ್ರೆಯೊಳಗೇ ಹೋಗುವ ಬಾಗಿಲುಗಳು. ಅವು ಸೋತವರ ಬಾಗಿಲುಗಳಲ್ಲ.

ಕೊನೆಯದಾಗಿ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಪ್ರತಿ ವರ್ಷ ನೀಟ್ ಫಲಿತಾಂಶಕ್ಕೆ ಮೊದಲು ಒಂದು ಭಾನುವಾರ ಪಾಲಕರನ್ನು ಕಾಲೇಜಿಗೆ ಕರೆಯಿರಿ. ಎನ್‌ಎಂಸಿ ನಿಯಮ, ಎಫ್‌ಎಂಜಿಇ, 371(ಜೆ) ಪ್ರಮಾಣಪತ್ರ, ಸಾಲ ಮತ್ತು ವಿದ್ಯಾರ್ಥಿವೇತನ, ಇಷ್ಟನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಬಿಡಿಸಿ ಹೇಳಿ. ವಿದೇಶದಲ್ಲಿ ಓದಿ ಬಂದು ಇಲ್ಲಿ ಪಾಸಾದವರನ್ನೂ ಕರೆಸಿ, ಪಾಸಾಗದವರನ್ನೂ ಕರೆಸಿ. ಒಂದು ಗಂಟೆ ಸಾಕು. ಗುರುತಿಲ್ಲದ ನಂಬರಿನ ಫೋನ್ ಬರುವ ಮೊದಲು ಕಾಲೇಜಿನ ಫೋನ್ ಮನೆಗೆ ಬಂದಿರಲಿ.

ಹೋಗುವವರು ಖಂಡಿತ ಹೋಗಲಿ, ಓದಲಿ. ನಮ್ಮೂರಿಗೆ ಡಾಕ್ಟರರು ಬೇಕೇ ಬೇಕು. ಆದರೆ ಮರಳಿ ಬಂದ ದಿನ ಯಾರಾದರೂ "ನೀವು ಡಾಕ್ಟರಾ?" ಎಂದು ಕೇಳಿದರೆ "ಹೌದು" ಎನ್ನುವಂತಿರಲಿ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ